ಗುಂಪಿನಿಂದ ಹೊರಗುಳಿದ ಮಗುವನ್ನು ತಿದ್ದಲು ಹೋಗಬೇಡಿ: ಶಿಕ್ಷಕರಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರೇ, ತರಗತಿಯ ಶಿಕ್ಷಕ ಶಿಕ್ಷಕಿಯರೇ,

ನಿಮ್ಮ ಹಾಜರಿ ಪುಸ್ತಕದಲ್ಲಿ ದಿನವೂ ಹಾಜರಿರುವ, ಆದರೆ ತರಗತಿಯಲ್ಲಿ ಆಟಕ್ಕೂ ಇಲ್ಲದ ಲೆಕ್ಕಕ್ಕೂ ಇಲ್ಲದ ಒಂದು ಮಗುವಿನ ಬಗ್ಗೆ ಈ ಪತ್ರ. ಯಾವ ಮಗು ಎಂದು ನಾನು ಹೇಳಬೇಕಾಗಿಲ್ಲ. 'ಇಬ್ಬಿಬ್ಬರು ಜೋಡಿಯಾಗಿ' ಎಂದ ಕೂಡಲೇ ಯಾರು ಪುಸ್ತಕದೊಳಗೆ ಮುಖ ಹುದುಗಿಸುತ್ತಾರೆ, ಬಿಡುವಿನ ಗಂಟೆ ಹೊಡೆದಾಗಲೆಲ್ಲ ಯಾರು ಗ್ರಂಥಾಲಯಕ್ಕೋ ಶೌಚಾಲಯಕ್ಕೋ ಹೋಗಿ ಹೊತ್ತು ಕಳೆಯುತ್ತಾರೆ, ಯಾರು ಉತ್ತರ ಹೇಳಲು ಎದ್ದು ನಿಂತರೆ ಹಿಂದಿನಿಂದ ಕಿಸಕ್ಕನೆ ನಗು ಕೇಳುತ್ತದೆ, ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲವೆಂದರೆ ಆ ತರಗತಿಯ ಯಾವ ಮಗುವನ್ನು ಬೇಕಾದರೂ ಕೇಳಿ, ಯೋಚಿಸದೆ ಹೆಸರು ಹೇಳುತ್ತದೆ.

ಆ ಮಗುವಿಗೆ ದೊಡ್ಡವರು ಕೊಡುವ ಬುದ್ಧಿಮಾತು ಸಾಮಾನ್ಯವಾಗಿ ಎರಡು. ಒಂದು, 'ಎಲ್ಲರ ಜೊತೆ ಬೆರೆಯಬೇಕು.' ಇನ್ನೊಂದು, 'ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ, ನೀನು ನೀನಾಗಿರು.' ಎರಡನ್ನೂ ಒಂದೇ ವಾರದಲ್ಲಿ ಒಂದೇ ಬಾಯಿಂದ ಕೇಳಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ಮೊದಲನೆಯದು ಸೇರಿಸಿಕೊಳ್ಳದವರ ತಪ್ಪನ್ನು ಸೇರಲಾಗದವರ ತಲೆಗೆ ಕಟ್ಟುತ್ತದೆ. ಎರಡನೆಯದು ಕೇಳಲು ಚೆಂದ, ಆದರೆ ಹೇಗೆ ಎಂಬುದನ್ನು ಮಗುವಿಗೇ ಬಿಟ್ಟುಬಿಡುತ್ತದೆ. ಇಡೀ ತರಗತಿ ಒಂದು ಕಡೆ ನಿಂತಾಗ ತಾನು ತಾನಾಗಿ ಉಳಿಯುವುದು ಬರೀ ಗಟ್ಟಿತನದಿಂದ ಆಗುವ ಕೆಲಸವಲ್ಲ. ಸುತ್ತಲಿನವರಿಂದ ಒಂದಿಷ್ಟು ಆಸರೆ ಬೇಕು. ಅದು ದೊಡ್ಡದೇನೂ ಅಲ್ಲ, ಆದರೆ ಅದನ್ನು ಒದಗಿಸುವುದು ಬಹುಪಾಲು ನಿಮ್ಮ ಕೈಯಲ್ಲೇ ಇದೆ ಎಂದು ಹೇಳಲು ಬರೆಯುತ್ತಿದ್ದೇನೆ.

ನೋವಿನ ಮಾತು ಮೊದಲು. ದೂರು ಹೇಳಿಕೊಂಡು ಬಂದ ಮಗುವಿಗೆ ಎದುರಾಗುವ ಪ್ರಶ್ನೆ: 'ಹೊಡೆದರಾ? ಬೈದರಾ? ಇಲ್ಲವಲ್ಲ, ಮಾತಾಡಿಸಲಿಲ್ಲ, ಅಷ್ಟೇ ತಾನೆ?' ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಯಾರೋ ಇಬ್ಬರು ಆಡುತ್ತಿದ್ದ ಫ್ರಿಸ್ಬೀ ಎಂಬ ಎಸೆದಾಡುವ ತಟ್ಟೆ ಉರುಳಿಕೊಂಡು ಇವರ ಹತ್ತಿರ ಬಂತು. ಎತ್ತಿ ಎಸೆದರು. ಅವರು ಮತ್ತೆ ಇವರತ್ತ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದ ಮೇಲೆ ಅವರಿಬ್ಬರು ಏನೂ ಹೇಳದೆ ಇವರಿಗೆ ಎಸೆಯುವುದನ್ನು ನಿಲ್ಲಿಸಿ ತಮ್ಮ ಪಾಡಿಗೆ ತಾವು ಆಡತೊಡಗಿದರು. ಹೆಸರೂ ಗೊತ್ತಿಲ್ಲದ ಇಬ್ಬರು ಹೀಗೆ ಮಾಡಿದ್ದು ಬೆಳೆದ ಮನುಷ್ಯನಾದ ತನಗೆ ಇಷ್ಟು ಚುಚ್ಚಿತೇಕೆ ಎಂಬ ಅಚ್ಚರಿಯಿಂದಲೇ ಅವರ ಮುಂದಿನ ಸಂಶೋಧನೆ ಹೊರಟಿತು. ಕಂಪ್ಯೂಟರ್ ತೆರೆಯ ಮೇಲೆ ಚೆಂಡು ಎಸೆದಾಡುವ 'ಸೈಬರ್‌ಬಾಲ್' ಎಂಬ ಆಟವನ್ನು ಅವರ ತಂಡ ಕಟ್ಟಿತು. ಕೆಲವೇ ನಿಮಿಷ ಚೆಂಡು ತಮ್ಮತ್ತ ಬಾರದಿದ್ದರೆ ಸಾಕು, ಆಡುವವರಲ್ಲಿ ನಾಲ್ಕು ಸಂಗತಿ ಒಟ್ಟಿಗೆ ಕುಸಿಯುತ್ತಿದ್ದವು: ತಾನೂ ಇವರಲ್ಲಿ ಒಬ್ಬ ಎಂಬ ಭಾವ, ತನ್ನ ಬಗೆಗಿನ ಗೌರವ, ನಡೆಯುತ್ತಿರುವುದರ ಮೇಲೆ ತನಗೂ ಹಿಡಿತವಿದೆ ಎಂಬ ನಂಬಿಕೆ, ತಾನಿರುವುದಕ್ಕೊಂದು ಅರ್ಥವಿದೆ ಎಂಬ ಅನಿಸಿಕೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಂತೂ ಎದುರಿಗೆ ಆಡುತ್ತಿರುವುದು ಮನುಷ್ಯರಲ್ಲ, ಕಂಪ್ಯೂಟರ್ ಎಂದು ಮೊದಲೇ ತಿಳಿಸಿದ್ದರೂ ಜನರಿಗೆ ನೋವಾಗುವುದು ತಪ್ಪಲಿಲ್ಲ. ಯಂತ್ರ ಚೆಂಡು ಕೊಡದಿದ್ದರೇ ದೊಡ್ಡವರ ಮನಸ್ಸು ಮುದುಡುತ್ತದೆ. ಪಕ್ಕದ ಬೆಂಚಿನ ಮಕ್ಕಳು ವರ್ಷಗಟ್ಟಲೆ ಕೊಡದಿದ್ದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಪ್ರಾಚೀನ ಅಥೆನ್ಸಿನಲ್ಲಿ, ಕ್ರಿ.ಪೂ. 5ನೇ ಶತಮಾನದಲ್ಲಿ, ಒಬ್ಬ ಪ್ರಜೆಯನ್ನು ಊರಿನಿಂದ ಹೊರಗೆ ಕಳಿಸುವ ಪದ್ಧತಿಯೊಂದಿತ್ತು. ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕಬೇಕಿತ್ತು, 6000 ಮತ ಬೇಕಾಗುತ್ತಿತ್ತು. ಹೊರಹೋದವನ ಆಸ್ತಿಗೆ ಯಾರೂ ಕೈಹಾಕುವಂತಿರಲಿಲ್ಲ, 10 ವರ್ಷ ಕಳೆದ ಮೇಲೆ ಅವನು ಮರಳಿ ಬರಬಹುದಿತ್ತು. ತರಗತಿಯ ಬಹಿಷ್ಕಾರಕ್ಕೆ ಮತದಾನವಿಲ್ಲ, ಅವಧಿಯಿಲ್ಲ. ಅದಕ್ಕಿಂತ ಕ್ರೂರವಾದದ್ದು, ಹೊರಹಾಕಿಸಿಕೊಂಡವರಿಗೆ ಊರು ಬಿಟ್ಟು ಹೋಗುವ ಅವಕಾಶವೂ ಇಲ್ಲ. ಮರುದಿನ ಬೆಳಗ್ಗೆ ಅದೇ ಸಮವಸ್ತ್ರ ತೊಟ್ಟು ಅದೇ ಬೆಂಚಿಗೆ ಬಂದು ಕೂರಬೇಕು. ಈಗ ಮನೆಗೆ ಹೋದರೂ ಬಿಡುಗಡೆಯಿಲ್ಲ. ತನ್ನೊಬ್ಬನನ್ನು ಬಿಟ್ಟು ಉಳಿದೆಲ್ಲರೂ ಇರುವ ವಾಟ್ಸಾಪ್ ಗುಂಪೊಂದಿದೆ ಎಂಬುದು ಆ ಮಗುವಿಗೆ ತಿಳಿದಿರುತ್ತದೆ. ಯಾರಾದರೂ ಒಬ್ಬರು ಬೇಕೆಂದೇ ತಿಳಿಸಿರುತ್ತಾರೆ.

ಶಾಲೆಯಲ್ಲಿ ನಡೆಯುವ ಕಿರುಕುಳದ ಅಧ್ಯಯನಕ್ಕೆ 1970ರ ದಶಕದಲ್ಲಿ ಬುನಾದಿ ಹಾಕಿದವರಲ್ಲಿ ಮುಖ್ಯರಾದ ಡಾನ್ ಓಲ್ವಿಯಸ್ ಅದನ್ನು ಗುರುತಿಸಲು ಮೂರು ಲಕ್ಷಣ ಹೇಳಿದರು. ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಮಾಡುವವರ ಮತ್ತು ಮಾಡಿಸಿಕೊಳ್ಳುವವರ ನಡುವೆ ಬಲದ ಅಂತರವಿರುವುದು. ಶಾಲೆಗಳು ಸುಲಭವಾಗಿ ಮರೆಯುವುದು ಮೂರನೆಯದನ್ನು. 'ಎರಡು ಕೈ ಸೇರದೆ ಚಪ್ಪಾಳೆಯಾಗುತ್ತದೆಯೇ' ಎಂದು ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ, ಇಬ್ಬರಿಂದಲೂ 'ಸಾರಿ' ಹೇಳಿಸಿ, ಕೈ ಕುಲುಕಿಸಿ ಕಳಿಸುತ್ತೀರಿ. ಸಮಬಲದವರ ಜಗಳಕ್ಕೆ ಅದು ಸರಿ. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಒಂದು ಗುಂಪು ಇರುವಾಗ ಅದು ಗುಂಪಿಗೆ ಸಿಕ್ಕ ಪರವಾನಗಿ. ಆ ಕೈಕುಲುಕಾಟದ ಬಾಕಿಯನ್ನು ಮಗು ಗೇಟಿನಾಚೆ ತೀರಿಸುತ್ತದೆ. ನಾರ್ವೆ ಸರ್ಕಾರ 1983ರಲ್ಲಿ ಶಾಲೆಯ ಕಿರುಕುಳದ ವಿರುದ್ಧ ದೇಶದುದ್ದಕ್ಕೂ ಅಭಿಯಾನ ನಡೆಸಿದ್ದು ಮೂವರು ಹುಡುಗರ ಆತ್ಮಹತ್ಯೆಯ ನಂತರ. ಯಾವ ಶಾಲೆಯೂ ಅಷ್ಟರವರೆಗೆ ಕಾಯಬೇಕಿಲ್ಲ.

ಈಗ ಆ ಆಸರೆಯ ವಿಷಯ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ನಡೆಸಿದ ಪ್ರಯೋಗ ಓದಿದವರಿಗೆ ನೆನಪಿರಬಹುದು. ಒಂದು ಗೆರೆ ತೋರಿಸಿ, ಇನ್ನು ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಕೇಳುತ್ತಿದ್ದರು. ಕಣ್ಣಿದ್ದವರು ಯಾರೂ ತಪ್ಪು ಹೇಳಲಾರದಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಒಕ್ಕೊರಲಿನಿಂದ ತಪ್ಪು ಉತ್ತರ ಹೇಳುತ್ತಿದ್ದರು. ಆಗ ಸುಮಾರು ಮೂರರಲ್ಲೊಂದು ಸಲ, ಪರೀಕ್ಷೆಗೊಳಗಾದವರು ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಮಾತಿಗೆ ತಲೆಯಾಡಿಸಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಿಮಗೆ ಬೇಕಾದದ್ದು ಅದರ ಮುಂದಿನ ಭಾಗ. ಆಶ್ ಆ ಗುಂಪಿನೊಳಗೆ ಸರಿ ಉತ್ತರ ಹೇಳುವ ಒಬ್ಬರನ್ನು ಇಟ್ಟು ನೋಡಿದರು. ಒಬ್ಬರೇ ಒಬ್ಬರು. ಗುಂಪಿಗೆ ಮಣಿಯುವುದು ನೂರಕ್ಕೆ ಐದಾರರಷ್ಟಕ್ಕೆ ಇಳಿಯಿತು. ಆ ಜೊತೆಗಾರ ನಡುವೆ ಎದ್ದು ಹೊರಗೆ ಹೋದರೂ ಅವನು ಕೊಟ್ಟ ಧೈರ್ಯ ಬಹುಮಟ್ಟಿಗೆ ಉಳಿಯುತ್ತಿತ್ತು. ಅವನೇ ಪಕ್ಷ ಬದಲಿಸಿ ಗುಂಪಿನ ದನಿಗೆ ದನಿ ಸೇರಿಸಿದರೆ ಮಾತ್ರ ಪರಿಸ್ಥಿತಿ ಮೊದಲಿನಂತಾಗುತ್ತಿತ್ತು.

ವರ್ಗವಾಗಿ ಬೇರೆ ಊರಿಗೆ ಹೋದ ಗೆಳತಿಯ ನೆನಪು ಕೈಹಿಡಿದು ನಡೆಸುತ್ತದೆ, ಬಿಡುವಿನಲ್ಲಿ ದಿಢೀರನೆ ಆ ಗುಂಪಿನ ಜೊತೆ ನಿಂತು ನಕ್ಕ ಗೆಳತಿ ಮಾತ್ರ ನೆಲವನ್ನೇ ಕಿತ್ತುಕೊಳ್ಳುತ್ತಾಳೆ. ಇದು ಪ್ರಯೋಗವಿಲ್ಲದೆಯೂ ನಮಗೆ ಗೊತ್ತಿದ್ದ ಸತ್ಯ. 'ನೀನು ನೀನಾಗಿರು' ಎಂದು ಬಾಯಲ್ಲಿ ಹೇಳುವ ಬದಲು ಆ ಒಬ್ಬರನ್ನು ಒದಗಿಸಿ ಎಂಬುದು ನನ್ನ ಕೋರಿಕೆ.

ಒದಗಿಸಲು ಸಾಧ್ಯವೇ? ಕೆನಡಾದ ಶಾಲಾ ಮೈದಾನಗಳಲ್ಲಿ ಮಕ್ಕಳಿಗೆ ಮೈಕ್ ಕೊಟ್ಟು, ದೂರದಿಂದ ಚಿತ್ರೀಕರಿಸಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಕಿರುಕುಳದ ನೂರು ಘಟನೆಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ನಡುವೆ ಬಂದದ್ದು ಬರೀ 19ರಲ್ಲಿ. ಆದರೆ ಹಾಗೆ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಅದು ನಿಂತೇಹೋಯಿತು. ಹತ್ತು ಸೆಕೆಂಡು! ನಿಮ್ಮ ಪ್ರಾರ್ಥನಾ ಸಭೆಯ ಭಾಷಣ ಇಷ್ಟು ಬೇಗ ಫಲ ಕೊಟ್ಟದ್ದುಂಟೇ? ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಸಂಗಡಿಗರು 1996ರಷ್ಟು ಹಿಂದೆಯೇ ಗುರುತಿಸಿದ್ದು ಇದನ್ನೇ: ಕಿರುಕುಳ ಇಬ್ಬರ ನಡುವಿನ ವಿಷಯವಲ್ಲ. ಕೈಜೋಡಿಸುವವರಿದ್ದಾರೆ, ನಕ್ಕು ಹುರಿದುಂಬಿಸುವವರಿದ್ದಾರೆ, ನೋಡಿಯೂ ನೋಡದಂತೆ ಸರಿಯುವವರಿದ್ದಾರೆ, ಬೆನ್ನಿಗೆ ನಿಲ್ಲುವವರೂ ಇದ್ದಾರೆ. ಈ ಅರಿವಿನ ಮೇಲೆ ಟುರ್ಕು ವಿಶ್ವವಿದ್ಯಾಲಯ ರೂಪಿಸಿದ 'ಕಿವಾ' ಕಾರ್ಯಕ್ರಮ 2009ರಿಂದ ಆ ದೇಶದ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂತು. ಅದು ಕಾಟ ಕೊಡುವವರ ಮೇಲಷ್ಟೇ ಕಣ್ಣಿಡುವುದಿಲ್ಲ. ತರಗತಿಯಲ್ಲಿ ಎಲ್ಲರ ಮೆಚ್ಚುಗೆ ಪಡೆದ ಮಕ್ಕಳಲ್ಲಿ ಕೆಲವರನ್ನು ಖಾಸಗಿಯಾಗಿ ಕರೆದು, ಒಂಟಿಯಾದ ಸಹಪಾಠಿಯ ಜೊತೆ ನಿಲ್ಲುವಂತೆ ಕೇಳಿಕೊಳ್ಳುತ್ತದೆ. ಬದಲಾಗಬೇಕಾದದ್ದು ತರಗತಿ ಎಂದು ಒಪ್ಪಿಕೊಂಡ ಮೇಲೆ ದಾರಿ ಕಾಣುತ್ತದೆ.

ಶಿಕ್ಷಕರೇ, ಇಲ್ಲಿಂದ ಸ್ವಲ್ಪ ದೂರ ಆ ಮಗುವಿನೊಡನೆಯೇ ನೇರವಾಗಿ ಮಾತಾಡುತ್ತೇನೆ. ನೀವು ಕೇಳಿಸಿಕೊಂಡರೆ ಅಡ್ಡಿಯಿಲ್ಲ.

ನೋಡು, ನೀನು ಕೂತ ಜಾಗದಲ್ಲಿ ನಾನೂ ಕೆಲವು ವರ್ಷ ಕೂತು ಬಂದಿದ್ದೇನೆ. ಅದರ ಕತೆ ಬೇಡ, ಅದು ನಿನ್ನ ಕತೆಗಿಂತ ಹೆಚ್ಚು ಬೇರೆಯಾಗೇನೂ ಇಲ್ಲ. ನಿನ್ನನ್ನು ಹೊರಗಿಡಲು ಅವರು ಕೊಡುವ ಕಾರಣ ಏನೇ ಇರಲಿ, ನಿನ್ನ ಮಾತಿನ ಧಾಟಿ, ಮೈಬಣ್ಣ, ದಪ್ಪ, ತೊದಲು, ಜಾತಿ, ಬಟ್ಟೆ, ಹೆಚ್ಚು ಅಂಕ, ಕಡಿಮೆ ಅಂಕ, ಅದು ನಿಜವಾದ ಕಾರಣವಲ್ಲ. ಅದೇ ಗುಣವಿದ್ದೂ ಗುಂಪಿನ ನಡುವೆ ಆರಾಮಾಗಿರುವ ಒಬ್ಬರು ಪಕ್ಕದ ಸೆಕ್ಷನ್ನಿನಲ್ಲೇ ಇರುತ್ತಾರೆ. ಗುಂಪು ಗುಂಪಾಗಿ ಉಳಿಯಲು ಹೊರಗೊಬ್ಬರು ಬೇಕಾಗಿರುತ್ತದೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಆದ್ದರಿಂದ ಕನ್ನಡಿಯ ಮುಂದೆ ನಿಂತು 'ನನ್ನಲ್ಲೇನು ಕೊರತೆ' ಎಂದು ಹುಡುಕುವ ಕೆಲಸವನ್ನು ಇವತ್ತಿಗೆ ನಿಲ್ಲಿಸು.

ಹಾಗೆಂದು ನೀನು ಮಾಡುವುದೆಲ್ಲವೂ ಸರಿ ಎಂದು ನಾನು ಹೇಳುವುದಿಲ್ಲ. 'ನಾನಿರುವುದೇ ಹೀಗೆ' ಎಂಬ ಮಾತಿನ ಹಿಂದೆ ಸೋಮಾರಿತನವೂ ಅಡಗಿಕೊಳ್ಳುತ್ತದೆ. ಇನ್ನೊಬ್ಬರ ಮಾತು ಮುಗಿಯುವ ಮುನ್ನ ಬಾಯಿ ಹಾಕುವುದು, ಸೋತರೆ ಆಟ ಕೆಡಿಸುವುದು, ಎಲ್ಲದಕ್ಕೂ ತಿದ್ದುಪಡಿ ಹೇಳುವುದು, ಇವು ನೀನಲ್ಲ, ನಿನ್ನ ಅಭ್ಯಾಸಗಳು. ಬಿಟ್ಟರೆ ನಿನ್ನದೇನೂ ಹೋಗುವುದಿಲ್ಲ. ಹೊಸ ಗುಂಪಿಗೆ ಸೇರುವುದಕ್ಕೂ ಒಂದು ಕಸುಬುಗಾರಿಕೆ ಇದೆ. ಮಕ್ಕಳು ಆಟದ ಗುಂಪಿಗೆ ಹೇಗೆ ಸೇರುತ್ತಾರೆ ಎಂದು ಗಮನಿಸಿದ ಸಂಶೋಧಕರಿಗೆ ಕಂಡದ್ದು ಇದು: ಬಂದವರೇ ತಮ್ಮ ಬಗ್ಗೆ ಹೇಳತೊಡಗಿದವರಿಗೆ, ನಡೆಯುತ್ತಿದ್ದ ಆಟವನ್ನು ತಮ್ಮತ್ತ ತಿರುಗಿಸಲು ಹೋದವರಿಗೆ ಹೆಚ್ಚಾಗಿ ಬಾಗಿಲು ಮುಚ್ಚುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಅಲ್ಲಿ ಏನು ನಡೆದಿದೆಯೋ ಅದಕ್ಕೇ ಕೈಜೋಡಿಸಿದವರು ಸದ್ದಿಲ್ಲದೆ ಒಳಗಾಗುತ್ತಿದ್ದರು. ಇದನ್ನು ಕಲಿಯುವುದರಲ್ಲಿ ಅವಮಾನವಿಲ್ಲ. ಈಜು ಕಲಿತಂತೆ ಇದನ್ನೂ ಕಲಿಯಬಹುದು.

ಯಾವುದು ಕಲಿಕೆ, ಯಾವುದು ನಿನ್ನನ್ನು ನೀನೇ ಬಿಟ್ಟುಕೊಡುವುದು? ನಾನು ಬಳಸುವ ಅಳತೆಯೊಂದಿದೆ. ಬದಲಿಸಿಕೊಂಡದ್ದನ್ನು ಸಂಜೆ ಮನೆಗೂ ಖುಷಿಯಿಂದ ತೆಗೆದುಕೊಂಡು ಹೋಗುತ್ತೀಯಾದರೆ ಅದು ಬೆಳವಣಿಗೆ. ಶಾಲೆಯ ಗೇಟು ದಾಟಿದ ತಕ್ಷಣ ಕಳಚಿ ಎಸೆದು ಉಸಿರು ಬಿಡುವಂತಾದರೆ ಅದು ವೇಷ. ಇಷ್ಟದ ವಿಷಯವನ್ನು ಇಷ್ಟವಿಲ್ಲವೆಂದು ನಟಿಸುವುದು, ಉತ್ತರ ಗೊತ್ತಿದ್ದೂ ಕೈ ಎತ್ತದಿರುವುದು, ಮನೆಯವರ ಬಗ್ಗೆ ನಾಚಿ ಸುಳ್ಳು ಹೇಳುವುದು, ಇವೆಲ್ಲ ವೇಷ. ಕೆಲವು ದಿನ ವೇಷ ಹಾಕಿಕೊಂಡು ಬದುಕಿಕೊಂಡೆಯಾದರೆ ನಿನ್ನನ್ನು ನಾನು ದೂರುವುದಿಲ್ಲ, ಏಟು ತಪ್ಪಿಸಿಕೊಳ್ಳುವುದೂ ಬುದ್ಧಿವಂತಿಕೆಯೇ. ಹಾಕಿಕೊಂಡಿದ್ದೇನೆ ಎಂಬುದು ನಿನಗೆ ನೆನಪಿದ್ದರೆ ಸಾಕು.

ಮೂರು ಹೊಂಡಗಳ ಬಗ್ಗೆ ಎಚ್ಚರಿಕೆ ಹೇಳಬೇಕು. ತನ್ನನ್ನೇ ತಾನು ಗೇಲಿ ಮಾಡಿಕೊಂಡು, ಅಡ್ಡಹೆಸರಿಗೆ ತಾನೇ ಓಗೊಟ್ಟು, ಗುಂಪಿನ ಕೋಡಂಗಿಯಾಗಿ ಜಾಗ ಗಿಟ್ಟಿಸುವುದು ಮೊದಲನೆಯದು. ಆ ಜಾಗ ಸಿಗುತ್ತದೆ, ಆದರೆ ಅಲ್ಲಿಂದ ಮೇಲೇಳಲು ಬಿಡುವುದಿಲ್ಲ. ಎರಡನೆಯದು ಹೇಳಲು ಕಷ್ಟ. ತನಗಿಂತ ಬಡಪಾಯಿ ಇನ್ನೊಬ್ಬರು ಸಿಕ್ಕಾಗ ಗುಂಪಿನ ಜೊತೆ ಸೇರಿ ಅವರನ್ನು ಚುಡಾಯಿಸುವುದು. ಹಾಗೆ ಮಾಡಿದ ದಿನ ನಿನಗೆ ಹಗುರಾಗುತ್ತದೆ, ಅದೇ ಅದರ ಅಪಾಯ. ಮೂರನೆಯದರಲ್ಲಿ ಬಿದ್ದವರೇ ಹೆಚ್ಚು, ಏಕೆಂದರೆ ಅದು ಹೊಂಡವೆಂದೇ ಅನಿಸುವುದಿಲ್ಲ: 'ಅವರೆಲ್ಲ ದಡ್ಡರು, ನಾನು ಅವರಂತಲ್ಲ.' ಈ ಜಂಬ ಕೆಲವು ರಾತ್ರಿ ನಿದ್ದೆ ಕೊಡುತ್ತದೆ ನಿಜ. ಆದರೆ ಅವರಿಗೆ ಹಿಡಿಸದ್ದನ್ನೆಲ್ಲ ಹುಡುಕಿ ಹುಡುಕಿ ನಿನ್ನದಾಗಿಸಿಕೊಂಡರೆ, ನಿನ್ನ ರುಚಿಯನ್ನು ಆಗಲೂ ಅವರೇ ತೀರ್ಮಾನಿಸಿದಂತಾಯಿತು. ಆ ಗುಂಪಿನಲ್ಲೂ ನಿನ್ನ ಜೊತೆ ಮಾತಾಡಲು ಕಾದಿರುವ, ಧೈರ್ಯ ಸಾಲದ ಒಬ್ಬರಿರುತ್ತಾರೆ. ಬಾಗಿಲನ್ನು ನೀನಾಗಿ ಬಡಿಯಬೇಡ.

'ಮುಂದೆ ನೀನು ದೊಡ್ಡ ವಿಜ್ಞಾನಿಯಾದಾಗ ಇವರೆಲ್ಲ ನಾಚಿಕೆಪಡುತ್ತಾರೆ' ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಹಿಡಿಸುವುದಿಲ್ಲ. ನೀನು ದೊಡ್ಡ ವ್ಯಕ್ತಿಯಾಗದಿದ್ದರೂ ಇದು ಅನ್ಯಾಯವೇ. ಆದರೂ ಒಬ್ಬರ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟೆಂಪಲ್ ಗ್ರ್ಯಾಂಡಿನ್ ಎಂಬ ಪಶು ವಿಜ್ಞಾನಿಗೆ ಆಟಿಸಂ ಇದೆ. ಹೇಳಿದ್ದನ್ನೇ ಹೇಳುತ್ತಾಳೆಂದು ಅವರ ಶಾಲೆಯ ಮಕ್ಕಳು 'ಟೇಪ್ ರೆಕಾರ್ಡರ್' ಎಂದು ಕರೆದು ಕಾಡುತ್ತಿದ್ದರು. ಕಾಟವಿಲ್ಲದ ಜಾಗಗಳು ತಮಗೆ ಸಿಕ್ಕಿದ್ದು ಕುದುರೆ ಸವಾರಿ, ಎಲೆಕ್ಟ್ರಾನಿಕ್ಸ್, ಮಾದರಿ ರಾಕೆಟ್‌ಗಳ ಬಳಿ ಎಂದು ಅವರು ಹೇಳುತ್ತ ಬಂದಿದ್ದಾರೆ. ಎಲ್ಲರ ಕಣ್ಣು ಕೆಲಸದ ಮೇಲಿರುವಾಗ ಪಕ್ಕದಲ್ಲಿರುವವರು ಹೇಗೆ ಮಾತಾಡುತ್ತಾರೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಚದುರಂಗವೋ, ಹಾಡೋ, ಓಟವೋ, ಬೊಂಬೆ ಮಾಡುವುದೋ, ನಿನಗೆ ಹಿಡಿಸುವ ಒಂದನ್ನು ತರಗತಿಯ ಹೊರಗೆ ಹುಡುಕು. ಅಲ್ಲಿ ಸಿಗುವವರು ನಿನಗಿಂತ ನಾಲ್ಕು ವರ್ಷ ದೊಡ್ಡವರೋ ಚಿಕ್ಕವರೋ ಆಗಿದ್ದರೂ ಪರವಾಗಿಲ್ಲ. ಒಂದೇ ವಯಸ್ಸಿನವರ ಜೊತೆಯೇ ದಿನವಿಡೀ ಇರಬೇಕಾದ ಸ್ಥಿತಿ ಶಾಲೆಯಾಚೆ ಎಲ್ಲೂ ಇಲ್ಲ.

ಮತ್ತೆ, ಹೇಳು. ಚಾಡಿ ಹೇಳಿದಂತಾಗುತ್ತದೆ ಎಂಬ ಭಯವನ್ನು ನಿನ್ನೊಳಗೆ ಬಿತ್ತಿದವರಿಗೇ ಅದರಿಂದ ಲಾಭ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಜಾಗ, ಏನಾಯಿತು, ಯಾರು ನೋಡಿದರು ಎಂದು ಬರೆದಿಡು. ಫೋನಿನಲ್ಲಿ ಬಂದದ್ದನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೋ. 'ಎಲ್ಲರೂ ನನ್ನನ್ನು ಕಾಡುತ್ತಾರೆ' ಎಂಬ ಮಾತನ್ನು ದೊಡ್ಡವರು ತಳ್ಳಿಹಾಕಬಲ್ಲರು. ತಾರೀಕಿರುವ ಹಾಳೆಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಮೊದಲು ಹೇಳಿದವರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳು. ಬದುಕೇ ಬೇಡ ಎನ್ನಿಸಿದರೆ ಮಾತ್ರ ಹಾಳೆ, ಪುರಾವೆ ಯಾವುದಕ್ಕೂ ಕಾಯಬೇಡ. ಆ ಹೊತ್ತಿನಲ್ಲೇ, ಹತ್ತಿರವಿರುವ ದೊಡ್ಡವರಿಗೆ ಅಥವಾ ಮಕ್ಕಳ ಸಹಾಯವಾಣಿಗೆ, ಅದೇ ಮಾತಿನಲ್ಲಿ ಹೇಳಿಬಿಡು.

ಮತ್ತೆ ನಿಮ್ಮ ಕಡೆಗೆ, ಶಿಕ್ಷಕರೇ. 'ನಾಯಕರಿಬ್ಬರು ಬನ್ನಿ, ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳಿ' ಎಂದು ತಂಡ ಮಾಡುವುದನ್ನು ದಯವಿಟ್ಟು ಬಿಟ್ಟುಬಿಡಿ. ಕೊನೆಗೆ ಉಳಿಯುವ ಮಗುವಿನ ಪಾಲಿಗೆ ಅದು ಎಲ್ಲರೆದುರು ನಡೆಯುವ ಹರಾಜು. ಜೋಡಿಗಳ, ಗುಂಪುಗಳ ಪಟ್ಟಿಯನ್ನು ನೀವೇ ಬರೆದು ತನ್ನಿ, ಆಗಾಗ ಬದಲಿಸಿ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ, ಬಿಳಿಯ ಮತ್ತು ಕರಿಯ ಮಕ್ಕಳನ್ನು ಮೊದಲ ಬಾರಿಗೆ ಒಟ್ಟಿಗೆ ಕೂರಿಸಿ ಜಗಳ ಹೊತ್ತಿಕೊಂಡಿದ್ದ ಶಾಲೆಗಳಲ್ಲಿ, ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪ್ರತಿಯೊಬ್ಬರೂ ತಮ್ಮ ತುಂಡನ್ನು ಉಳಿದವರಿಗೆ ಕಲಿಸಬೇಕು. ತಾವು ಗೇಲಿ ಮಾಡುತ್ತಿದ್ದ ಸಹಪಾಠಿಯ ಮಾತನ್ನು ಕೇಳಿಸಿಕೊಳ್ಳದೆ ಪಾಠ ಪೂರ್ತಿಯಾಗದು ಎಂದಾದಾಗ ಮಕ್ಕಳು ಕೇಳಿಸಿಕೊಳ್ಳತೊಡಗಿದರು. ನೀತಿಪಾಠದ ಅಗತ್ಯವೇ ಬರಲಿಲ್ಲ. ಇದಕ್ಕೆ ಹಣ ಬೇಡ, ಹೊಸ ಹುದ್ದೆ ಬೇಡ, ಪಾಠದ ತಯಾರಿ ಸ್ವಲ್ಪ ಹೆಚ್ಚು ಬೇಕು.

ಇನ್ನು, ಆ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ 'ಇವನನ್ನು ಯಾರೂ ಕಾಡಬಾರದು' ಎಂದು ಘೋಷಿಸಬೇಡಿ. ಅದರ ಬದಲು, ಮೇಲೆ ಹೇಳಿದ ಆ ಒಬ್ಬರನ್ನು ಹುಡುಕಿ. ನಿಮ್ಮ ತರಗತಿಯಲ್ಲಿ ನಗು ಎದ್ದಾಗ ನಗದೆ ಡೆಸ್ಕಿನತ್ತ ನೋಡುವ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಅವರನ್ನು ಪ್ರತ್ಯೇಕವಾಗಿ ಕರೆದು, ಉಪದೇಶವಿಲ್ಲದೆ, ಒಂದೇ ಮಾತು ಕೇಳಿ: ನಾಳೆಯಿಂದ ಇವರ ಪಕ್ಕ ಕೂರಲು ನಿನಗೆ ಒಪ್ಪಿಗೆಯೇ? ಒಪ್ಪಿದರೆ ಅವರ ಮೇಲೂ ಒಂದು ಕಣ್ಣಿಡಿ, ಗುಂಪಿನ ಸಿಟ್ಟು ಅವರತ್ತ ತಿರುಗಬಹುದು. ಒಪ್ಪದಿದ್ದರೆ ಬೈಯದೆ ಇನ್ನೊಬ್ಬರನ್ನು ಕೇಳಿ.

'ಅಷ್ಟು ಮಕ್ಕಳಲ್ಲಿ ಒಬ್ಬರಿಗೆ ಇಷ್ಟೊಂದು ಸಮಯ ಎಲ್ಲಿಂದ ತರೋಣ' ಎಂದು ನೀವು ಕೇಳುವುದು ನನಗೆ ಗೊತ್ತು. ಪರೀಕ್ಷೆ, ದಾಖಲೆ, ಸಭೆಗಳ ನಡುವೆ ನಿಮಗಿರುವ ಒತ್ತಡವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಇದು ಒಬ್ಬರಿಗೆ ಕೊಡುವ ಸಮಯವಲ್ಲ. ಯುನೆಸ್ಕೋ 2019ರ ವರದಿಯಲ್ಲಿ ಹೇಳಿದಂತೆ ಜಗತ್ತಿನ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳ ಕಿರುಕುಳ ಅನುಭವಿಸಿದ್ದಾರೆ. ಹೊರಗೆ ನಿಂತ ಒಬ್ಬರನ್ನು ನೋಡುತ್ತ ಒಳಗಿರುವ ಉಳಿದವರೂ ಪಾಠ ಕಲಿಯುತ್ತಿರುತ್ತಾರೆ: ಕೈ ಎತ್ತಬೇಡ, ಬೇರೆಯಾಗಿ ಕಾಣಬೇಡ, ನಾಳೆ ನಿನ್ನ ಸರದಿ ಬರಬಹುದು. ನಿಮ್ಮ ತರಗತಿ ಅಷ್ಟೊಂದು ಮೌನವಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಮುಂದಿನ ಬಾರಿ ಗುಂಪು ಚಟುವಟಿಕೆ ಇಟ್ಟುಕೊಂಡಾಗ ಪಟ್ಟಿ ನಿಮ್ಮ ಕೈಬರಹದಲ್ಲೇ ಇರಲಿ ಎಂದು ಕೋರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಜೋಡಿ ಸಿಗದೆ ಉಳಿಯುತ್ತಿದ್ದ ಹಳೆಯ ವಿದ್ಯಾರ್ಥಿ